ಹನ್ನೊಂದನೇ ಕ್ಲಾಸಿನ ಪ್ರಾಜೆಕ್ಟಿಗೆ ವಿಟ್‌ಮನ್ ಆರ್ಕೈವ್: ಬಳಸಿ ನೋಡಿದ ಟೀಚರ್ ಅಭಿಪ್ರಾಯ

ದುಡ್ಡು ಕೊಡಬೇಕಿಲ್ಲ. ಲಾಗಿನ್ ಬೇಡ. ಜಾಹೀರಾತಿನ ಕಾಟವಿಲ್ಲ. ಇಷ್ಟೆಲ್ಲ ಇದ್ದೂ ನನಗೆ ಗೊತ್ತಿರುವ ಹೈಸ್ಕೂಲ್ ಟೀಚರ್‌ಗಳಲ್ಲಿ ಹೆಚ್ಚಿನವರು ಅಮೆರಿಕನ್ ಕವಿ ವಾಲ್ಟ್ ವಿಟ್‌ಮನ್‌ನ ಬರಹಗಳನ್ನೆಲ್ಲ ಕೂಡಿಸಿಟ್ಟ ವೆಬ್‌ಸೈಟಾದ ವಾಲ್ಟ್ ವಿಟ್‌ಮನ್ ಆರ್ಕೈವ್ ಕಡೆ ತಲೆ ಹಾಕುವುದಿಲ್ಲ. ‘ಅದೆಲ್ಲ ಪಿಎಚ್‌ಡಿ ಮಾಡುವವರಿಗೆ’ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹದಿನಾರು ವರ್ಷದ ಮಕ್ಕಳ ಕೈಗೆ ಅದನ್ನು ಕೊಟ್ಟು ನೋಡಿದ್ದೇನೆ. ಅಮೆರಿಕನ್ ಸಾಹಿತ್ಯದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ. ಆದರೆ ಸುಮ್ನೆ ಲಿಂಕ್ ಕಳಿಸಿ ‘ಹೋಗಿ ಹುಡುಕಿ’ ಅಂದರೆ ಕೆಲಸ ಕೆಡುತ್ತದೆ. ಅದನ್ನೂ ಹೇಳುತ್ತೇನೆ.

ನಾನು ನ್ಯೂಜೆರ್ಸಿಯ ಪಬ್ಲಿಕ್ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಅಮೆರಿಕದ ಬಹಳಷ್ಟು ಶಾಲೆಗಳಲ್ಲಿ ಹನ್ನೊಂದನೇ ಕ್ಲಾಸು, ಇಲ್ಲಿನ ಮಾತಲ್ಲಿ ಜೂನಿಯರ್ ಇಯರ್, ಅಮೆರಿಕನ್ ಸಾಹಿತ್ಯದ ವರ್ಷ. ನಮ್ಮಲ್ಲೂ ಹಾಗೇ. ವರ್ಷದ ಕೊನೆಯ ಭಾಗದಲ್ಲಿ ಒಂದು ದೊಡ್ಡ ಪ್ರಾಜೆಕ್ಟ್ ಇರುತ್ತದೆ. ಅದರಲ್ಲಿ ಎರಡು ಕೆಲಸ. ಒಂದು ವಿಶ್ಲೇಷಣೆಯ ಪೇಪರ್, ಉಲ್ಲೇಖಗಳನ್ನು ಬರೆಯುವ ಎಂಎಲ್‌ಎ ಎಂಬ ಪದ್ಧತಿಯಲ್ಲಿ. ಇನ್ನೊಂದು ಸೃಜನಶೀಲ ಕೆಲಸ. ಕಥೆ, ಪತ್ರ, ಪಾಡ್‌ಕಾಸ್ಟ್, ನಾಟಕದ ಒಂದು ದೃಶ್ಯ, ಚಿತ್ರ, ಏನಾದರೂ ಸರಿ. ಮಗ ಅಥವಾ ಮಗಳು ಇಲ್ಲಿ ಈ ಕ್ಲಾಸಿಗೆ ಬಂದಿರುವ ಅಪ್ಪ ಅಮ್ಮಂದಿರಿಗೆ ಈ ಪ್ರಾಜೆಕ್ಟಿನ ಗೋಳು ಗೊತ್ತೇ ಇರುತ್ತದೆ.

ಪೇಪರಿನ ಪಾಡು ಏನಾಗಿತ್ತು ಅಂದರೆ, ಓದುವ ಮೊದಲೇ ಅದರಲ್ಲಿ ಏನಿದೆ ಅಂತ ಹೇಳಬಹುದಿತ್ತು. ‘ದ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿಯ ಹಸಿರು ದೀಪ ಅಂದರೆ ಅಮೆರಿಕನ್ ಕನಸು. ‘ದ ಸ್ಕಾರ್ಲೆಟ್ ಲೆಟರ್’ನ ಕೆಂಪು ಅಕ್ಷರ ಅಂದರೆ ಪಾಪ. ‘ಮೋಬಿ ಡಿಕ್’ನ ಬಿಳಿ ತಿಮಿಂಗಿಲ ಅಂದರೆ ನಿಮಗೆ ಏನು ಬೇಕೋ ಅದು. ವಿಟ್‌ಮನ್ ಅಂದರೆ ಪ್ರಜಾಪ್ರಭುತ್ವ, ಮುಗಿಯಿತು. ಒಂದು ಸ್ಟಡಿ ಗೈಡ್ ಸೇವೆಗೆ ಶಾಲೆ ಚಂದಾ ಕಟ್ಟಿತ್ತು. ಹೆಸರು ಬೇಡ ಬಿಡಿ. ಅಧ್ಯಾಯದ ಸಾರಾಂಶ, ಪಾತ್ರಗಳ ಪಟ್ಟಿ, ‘ಮುಖ್ಯ ಆಶಯಗಳು’, ಎಲ್ಲ ಬಣ್ಣದ ಡಬ್ಬಿಗಳಲ್ಲಿ ಜೋಡಿಸಿಟ್ಟಿರುತ್ತಿದ್ದರು. ಮಕ್ಕಳು ಡಬ್ಬಿ ತೆಗೆದು ಪೇಪರಿಗೆ ಸುರಿಯುತ್ತಿದ್ದರು. ಒಂದೇ ವಾಕ್ಯ, ಕ್ರಿಯಾಪದ ಮಾತ್ರ ಬೇರೆ. ಈಗ ಅದೇ ಕೆಲಸವನ್ನು ಚಾಟ್‌ಬಾಟ್ ಇನ್ನೂ ನಯವಾಗಿ ಮಾಡಿಕೊಡುತ್ತದೆ. ಮಕ್ಕಳನ್ನು ಬೈದು ಏನು ಪ್ರಯೋಜನ? ಎಲ್ಲರಿಗೂ ಗೊತ್ತಿರುವ ಉತ್ತರವನ್ನೇ ಕೇಳಿದರೆ ಎಲ್ಲರಿಗೂ ಗೊತ್ತಿರುವ ಉತ್ತರವೇ ಬರುತ್ತದೆ, ಅಲ್ವಾ?

ವಿಟ್‌ಮನ್ ಆರ್ಕೈವ್‌ನ ಗುಣ ಏನೆಂದರೆ ಅದು ಉತ್ತರ ಕೊಡುವುದಿಲ್ಲ. ಒಂದೇ ಪುಸ್ತಕದ ಹಲವು ರೂಪಗಳನ್ನು ಎದುರಿಗೆ ಇಟ್ಟು ಸುಮ್ಮನಾಗುತ್ತದೆ. ಇದು ಹೀಗಿತ್ತು, ಆಮೇಲೆ ಹೀಗಾಯಿತು. ಯಾಕೆ ಅನ್ನುವುದು ನಿಮಗೆ ಬಿಟ್ಟದ್ದು.

1995ರಲ್ಲಿ ಕೆನೆತ್ ಪ್ರೈಸ್ ಮತ್ತು ಎಡ್ ಫಾಲ್ಸಮ್ ಎಂಬ ಇಬ್ಬರು ಪ್ರೊಫೆಸರ್‌ಗಳು ಇದನ್ನು ಶುರು ಮಾಡಿದರು. ಈಗ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಲಿಂಕನ್ ಕ್ಯಾಂಪಸ್ ಇದರ ಮನೆ. ವಿಟ್‌ಮನ್ ಜೀವಮಾನವಿಡೀ ‘ಲೀವ್ಸ್ ಆಫ್ ಗ್ರಾಸ್’ ಎಂಬ ಒಂದೇ ಪುಸ್ತಕವನ್ನು ಬೆಳೆಸುತ್ತಾ, ಕತ್ತರಿಸುತ್ತಾ, ಮತ್ತೆ ಜೋಡಿಸುತ್ತಾ ಹೋದವನು. 1855ರಲ್ಲಿ ಮೊದಲು ಅಚ್ಚಾದಾಗ ಅದರಲ್ಲಿದ್ದದ್ದು 12 ಕವಿತೆಗಳು. ಅವನು ಸಾಯುವ ಹೊತ್ತಿಗೆ, 1892ರಲ್ಲಿ, ಅವು 300 ದಾಟಿದ್ದವು. ನಡುವೆ 1856, 1860, 1867, 1871, 1881 ಅಂತ ಆವೃತ್ತಿಗಳು. ಇವೆಲ್ಲದರ ಪುಟಗಳ ಚಿತ್ರವೂ ಇದೆ, ಟೈಪ್ ಮಾಡಿದ ಪಠ್ಯವೂ ಇದೆ. ಜೊತೆಗೆ ಹಸ್ತಪ್ರತಿಗಳು, ನೋಟ್‌ಬುಕ್‌ಗಳು, ಪತ್ರಗಳು, ಫೋಟೊಗಳು, ಆ ಕಾಲದ ಪತ್ರಿಕೆಗಳಲ್ಲಿ ಬಂದ ವಿಮರ್ಶೆಗಳು.

ನಾನು ಶುರು ಮಾಡುವುದು 1855ರ ಮೊದಲ ಪುಟಗಳಿಂದ. ಪರದೆಯ ಮೇಲೆ ತೋರಿಸಿ ಒಂದೇ ಪ್ರಶ್ನೆ ಕೇಳುತ್ತೇನೆ: ಇದನ್ನು ಬರೆದವರು ಯಾರು? ಮಕ್ಕಳು ಹುಡುಕುತ್ತಾರೆ. ಶೀರ್ಷಿಕೆ ಪುಟದಲ್ಲಿ ಹೆಸರೇ ಇಲ್ಲ! ಎದುರು ಪುಟದಲ್ಲಿ ಒಬ್ಬ ಗಡ್ಡದವನ ಚಿತ್ರ. ಅಂಗಿಯ ಗುಂಡಿ ಬಿಚ್ಚಿದೆ, ಟೋಪಿ ಓರೆಯಾಗಿದೆ, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಜೇಬಿನಲ್ಲಿ. ಆ ಕಾಲದ ಕವಿಗಳ ಚಿತ್ರಗಳಲ್ಲಿ ಕೋಟು, ಟೈ, ಗಂಭೀರ ಮುಖ. ಇವನು ಕೂಲಿ ಕೆಲಸದಿಂದ ಈಗ ತಾನೇ ಬಂದು ನಿಂತ ಹಾಗಿದ್ದಾನೆ. ಹೆಸರು ಬರುವುದು ಬಹಳ ಆಮೇಲೆ, ಉದ್ದನೆಯ ಮೊದಲ ಕವಿತೆಯ ಒಳಗೆ, ಒಂದು ಸಾಲಿನ ನಡುವೆ. ಅದನ್ನು ಮೊದಲು ಕಂಡುಹಿಡಿದವರು ಕೂಗುತ್ತಾರೆ. ಮುದ್ರಣದ ಹಕ್ಕಿನ ಸಣ್ಣಕ್ಷರದಲ್ಲಿ ‘ವಾಲ್ಟರ್ ವಿಟ್‌ಮನ್’ ಅಂತಲೂ ಇದೆ. ಹಾಗಾದರೆ ವಾಲ್ಟರ್ ಯಾರು, ವಾಲ್ಟ್ ಯಾರು? ಪೇಪರಿಗೆ ವಿಷಯ ಹುಟ್ಟಿದ್ದೇ ಅಲ್ಲಿ. ಯಾವ ಸ್ಟಡಿ ಗೈಡೂ ಬೇಕಾಗಲಿಲ್ಲ.

ಆಮೇಲೆ ಆ ಮೊದಲ ಕವಿತೆಯನ್ನು ಬೇರೆ ಬೇರೆ ಆವೃತ್ತಿಗಳಲ್ಲಿ ತೆರೆದು ಪಕ್ಕಪಕ್ಕ ಇಡುತ್ತೇವೆ. ಎಲ್ಲರಿಗೂ ಅದು ‘ಸಾಂಗ್ ಆಫ್ ಮೈಸೆಲ್ಫ್’ ಎಂದೇ ಗೊತ್ತು. 1855ರಲ್ಲಿ ಅದಕ್ಕೆ ಆ ಹೆಸರು ಇರಲೇ ಇಲ್ಲ. 1856ರಲ್ಲಿ ‘ಅಮೆರಿಕನ್ನನಾದ ವಾಲ್ಟ್ ವಿಟ್‌ಮನ್‌ನ ಕವಿತೆ’ ಅನ್ನುವ ಅರ್ಥದ ತಲೆಬರಹ. ಆಮೇಲೆ ಬರೀ ‘ವಾಲ್ಟ್ ವಿಟ್‌ಮನ್’. ಈಗಿನ ಹೆಸರು ಬಂದದ್ದು 1881ರಲ್ಲಿ. ಮೊದಲ ಸಾಲು ಕೂಡ ಬದಲಾಗಿದೆ. 1855ರಲ್ಲಿ ನನ್ನನ್ನು ನಾನು ಸಂಭ್ರಮಿಸುತ್ತೇನೆ ಎಂದಷ್ಟೇ ಇತ್ತು. 1881ರಲ್ಲಿ ನನ್ನನ್ನು ನಾನು ಹಾಡುತ್ತೇನೆ ಎಂದೂ ಸೇರಿತು. ನನ್ನ ಕ್ಲಾಸಿನ ಒಬ್ಬ ಹುಡುಗ, ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಹುಡ್ ಎಳೆದುಕೊಂಡು ಕೂತಿದ್ದವನು, ‘ವಯಸ್ಸಾದ ಮೇಲೆ ಅವನಿಗೆ ತಾನು ಕವಿ ಅಂತ ಜನಕ್ಕೆ ನೆನಪು ಮಾಡಬೇಕು ಅನ್ನಿಸಿದೆ, ಮಿಸ್’ ಅಂದ. ಸರಿಯೋ ತಪ್ಪೋ, ಅದು ಅವನ ಸ್ವಂತ ಮಾತು. ಅದನ್ನು ಸಾಧಿಸಲು ಅವನು ಇತರ ಕವಿತೆಗಳ ಮೊದಲ ಸಾಲುಗಳನ್ನೂ ಹುಡುಕಿ ಹೋಲಿಸಿದ. ಅರ್ಧ ವಾದ ನಿಂತಿತು, ಅರ್ಧ ಬಿತ್ತು. ಬಿದ್ದ ಅರ್ಧವನ್ನೂ ಪೇಪರಿನಲ್ಲಿ ಬರೆದ. ನಾನು ಬಹಳ ಖುಷಿಯಿಂದ ಓದಿದ ಪೇಪರ್ ಅದು.

ಇನ್ನೊಂದು ಪ್ರಸಂಗ ಹೇಳಲೇಬೇಕು. ಅದೇ ಕವಿತೆಯ ಕಟ್ಟಕಡೆಯ ಸಾಲಿಗೆ 1855ರ ಕೆಲವು ಪ್ರತಿಗಳಲ್ಲಿ ಪೂರ್ಣವಿರಾಮ ಇದೆ, ಉಳಿದವುಗಳಲ್ಲಿ ಇಲ್ಲ. ಎಲ್ಲೋ ನಿಂತು ನಿನಗಾಗಿ ಕಾಯುತ್ತಿರುತ್ತೇನೆ ಎಂದು ಹೇಳಿ ಕವಿತೆ ಚುಕ್ಕಿಯಿಲ್ಲದೆ ನಿಂತುಬಿಡುತ್ತದೆ. ಎಷ್ಟೋ ಓದುಗರು ಇದನ್ನು ಕವಿಯ ಜಾಣತನ ಎಂದು ಕೊಂಡಾಡಿದ್ದಾರೆ. ಅಚ್ಚು ಹಾಕುವಾಗ ಆ ಚುಕ್ಕಿಯ ಮೊಳೆ ಸಡಿಲವಾಗಿ ಬಿದ್ದುಹೋಯಿತು ಅನ್ನುವುದು ವಿದ್ವಾಂಸರ ವಿವರಣೆ. ಆ ಪುಸ್ತಕ ಅಚ್ಚಾದದ್ದು ಬ್ರೂಕ್ಲಿನ್‌ನಲ್ಲಿ, ರೋಮ್ ಸಹೋದರರ ಸಣ್ಣ ಮುದ್ರಣಾಲಯದಲ್ಲಿ. ಸುಮಾರು 800 ಪ್ರತಿ. ವಿಟ್‌ಮನ್ ಕೂಡ ಅಚ್ಚುಮೊಳೆ ಜೋಡಿಸುವ ಕೆಲಸ ಬಲ್ಲವನೇ. ಒಂದಷ್ಟು ಪುಟಗಳನ್ನು ಅವನೇ ಜೋಡಿಸಿದ್ದ.

ಒಬ್ಬ ಹುಡುಗಿ ಇದನ್ನೇ ಹಿಡಿದಳು. ಕವಿ ಬಯಸದೇ ಬಂದ ಅರ್ಥ ಕವಿತೆಗೆ ಸೇರಿದ್ದೋ ಅಲ್ಲವೋ ಅನ್ನುವುದು ಅವಳ ಪೇಪರ್. ಸೃಜನಶೀಲ ಭಾಗಕ್ಕೆ ಅದೇ ಮುದ್ರಣಾಲಯದ ಒಬ್ಬ ಕಲ್ಪಿತ ಹುಡುಗ ಕೆಲಸಗಾರನ ಸ್ವಗತ ಬರೆದಳು. ಕೈಗೆಲ್ಲ ಮಸಿ, ಸೆಕೆ, ಬಾಗಿಲ ಹತ್ತಿರ ನಿಂತು ಪ್ರತಿ ಪುಟ ನೋಡುವ ಗಡ್ಡದ ಮನುಷ್ಯ. ನೆಲದ ಮೇಲೆ ಬಿದ್ದ ಚಿಕ್ಕ ಚುಕ್ಕಿ ಹುಡುಗನ ಕಣ್ಣಿಗೆ ಬೀಳುತ್ತದೆ. ಹೇಳಲೋ ಬೇಡವೋ? ಹೇಳಿದರೆ ಸಂಬಳ ಕಟ್. ಜೇಬಿಗೆ ಹಾಕಿಕೊಳ್ಳುತ್ತಾನೆ. ಎರಡು ಪುಟದ ಬರಹ. ಪೇಪರಿನಲ್ಲಿ ಅವಳಿಗೆ ಬಿಡಿಸಲಾಗದ ಗಂಟು ಈ ಸ್ವಗತದಲ್ಲಿ ತಾನಾಗಿ ಸಡಿಲವಾಗಿತ್ತು. ‘ವಿಶ್ಲೇಷಣೆ ಒಂದು, ಕ್ರಿಯೇಟಿವ್ ಒಂದು’ ಅಂತ ನಾವು ಬೇರೆ ಬೇರೆ ರೂಬ್ರಿಕ್ ಮಾಡಿ ಅಂಕ ಹಂಚುತ್ತೇವಲ್ಲ, ಇಂಥ ಕೆಲಸ ಬಂದಾಗ ಆ ಕೋಷ್ಟಕ ನೋಡಿದರೆ ನಗು ಬರುತ್ತದೆ.

ಆರ್ಕೈವ್‌ನಲ್ಲಿ ನನಗೆ ವೈಯಕ್ತಿಕವಾಗಿ ಅತಿ ಇಷ್ಟವಾದ ಜಾಗ ಅಂದರೆ ಹಳೆಯ ವಿಮರ್ಶೆಗಳ ವಿಭಾಗ. ಎರಡನೇ ಕಾರಣ ಬೇಡ, ಒಂದೇ ಸಾಕು: ವಿಟ್‌ಮನ್ ತನ್ನ ಪುಸ್ತಕಕ್ಕೆ ತಾನೇ ವಿಮರ್ಶೆ ಬರೆದಿದ್ದ. ಹೆಸರು ಹಾಕದೆ. ಒಂದಲ್ಲ, ಮೂರು! 1855ರಲ್ಲೇ, ಬೇರೆ ಬೇರೆ ಪತ್ರಿಕೆಗಳಲ್ಲಿ. ಕೊನೆಗೂ ಒಬ್ಬ ಅಮೆರಿಕನ್ ಕವಿ ಬಂದ ಅಂತ ಒಂದರಲ್ಲಿ ತಾನೇ ಜೈಕಾರ ಹಾಕಿಕೊಂಡಿದ್ದಾನೆ. ಆನ್‌ಲೈನ್ ಅಂಗಡಿಯಲ್ಲಿ ಸುಳ್ಳು ಹೆಸರಿನಲ್ಲಿ ಐದು ನಕ್ಷತ್ರ ಹಾಕಿಕೊಳ್ಳುವವರನ್ನು ದಿನಾ ನೋಡುವ ಮಕ್ಕಳಿಗೆ ಇದು ಕಿವಿ ನೆಟ್ಟಗಾಗಿಸುವ ವಿಷಯ. ಅದೇ ವರ್ಷ ರೂಫಸ್ ಗ್ರಿಸ್ವೋಲ್ಡ್ ಎಂಬ ವಿಮರ್ಶಕ ಈ ಪುಸ್ತಕವನ್ನು ಕೊಳಕಿನ ಗುಡ್ಡೆ ಅನ್ನುವ ಧಾಟಿಯಲ್ಲಿ ಉಗಿದ. ಅದೂ ಇಲ್ಲಿ ಇದೆ. ಆಗಲೇ ಹೆಸರಾಂತ ಲೇಖಕರಾಗಿದ್ದ ಎಮರ್ಸನ್ ಮಾತ್ರ 1855ರ ಜುಲೈನಲ್ಲಿ ಖಾಸಗಿ ಪತ್ರ ಬರೆದು ಬೆನ್ನು ತಟ್ಟಿದ್ದರು. ವಿಟ್‌ಮನ್ ಅನುಮತಿ ಕೇಳದೆ ಅದರ ಒಂದು ಸಾಲನ್ನು 1856ರ ಆವೃತ್ತಿಯ ಬೆನ್ನಿಗೆ ಚಿನ್ನದ ಅಕ್ಷರದಲ್ಲಿ ಹೊಡೆಸಿಬಿಟ್ಟ. ‘ಬ್ಲರ್ಬ್’ ಅಂತ ಹೊಗಳಿಕೆಯ ಮಾತು ಈಗ ಎಲ್ಲ ಪುಸ್ತಕಗಳ ಮೇಲೂ ಇರುತ್ತದಲ್ಲ, ಅದರ ಅಜ್ಜ ಅನ್ನಬಹುದು.

ಇದರಿಂದ ಹುಟ್ಟಿದ ಅಭ್ಯಾಸ ನಮ್ಮ ಕ್ಲಾಸಿನಲ್ಲಿ ಕಾಯಂ ಆಗಿದೆ. ಪ್ರತಿ ವಿದ್ಯಾರ್ಥಿ ತನ್ನ ಕವಿತೆ ಅಥವಾ ಕಥೆಗೆ ಎರಡು ಅನಾಮಿಕ ವಿಮರ್ಶೆ ಬರೆಯಬೇಕು. ಒಂದು ವಿಟ್‌ಮನ್ ಹಾಗೆ ನಾಚಿಕೆ ಬಿಟ್ಟು ಹೊಗಳುವುದು, ಇನ್ನೊಂದು ಗ್ರಿಸ್ವೋಲ್ಡ್ ಹಾಗೆ ಮೈ ಸುಲಿಯುವುದು. ಎರಡೂ 1855ರ ಗದ್ಯದ ಧಾಟಿಯಲ್ಲಿ. ಮೊದಲನೆಯದನ್ನು ಎಲ್ಲರೂ ನಗುತ್ತಾ ಬರೆಯುತ್ತಾರೆ. ಎರಡನೆಯದನ್ನು ಬರೆಯುವಾಗ ಕ್ಲಾಸು ಗಪ್‌ಚಿಪ್. ತಮ್ಮ ಬರಹದ ಬಡಕಲು ಜಾಗ ಎಲ್ಲಿದೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ. ನಾನು ಕೆಂಪು ಪೆನ್ನಿನಲ್ಲಿ ಬರೆದರೆ ಮುಖ ಊದಿಸಿಕೊಳ್ಳುತ್ತಾರೆ. ಗ್ರಿಸ್ವೋಲ್ಡ್ ವೇಷದಲ್ಲಿ ತಾವೇ ಬರೆದರೆ ತಿದ್ದಿಕೊಳ್ಳುತ್ತಾರೆ.

ಅಮೆರಿಕದ ಅಂತರ್ಯುದ್ಧದ ಭಾಗದ ಬಗ್ಗೆ ಸ್ವಲ್ಪ. 1862ರ ಡಿಸೆಂಬರಿನಲ್ಲಿ ಫ್ರೆಡರಿಕ್ಸ್‌ಬರ್ಗ್ ಕಾಳಗದಲ್ಲಿ ಗಾಯವಾದ ತಮ್ಮ ಜಾರ್ಜ್‌ನನ್ನು ಹುಡುಕಿಕೊಂಡು ವಿಟ್‌ಮನ್ ವರ್ಜೀನಿಯಾಗೆ ಹೋದ. ಆಸ್ಪತ್ರೆ ಮಾಡಿಕೊಂಡಿದ್ದ ಮನೆಯ ಹೊರಗೆ ಕತ್ತರಿಸಿದ ಕೈಕಾಲುಗಳ ರಾಶಿ ನೋಡಿದ. ತಮ್ಮನ ಗಾಯ ಸಣ್ಣದು. ಆದರೆ ವಿಟ್‌ಮನ್ ಬ್ರೂಕ್ಲಿನ್‌ಗೆ ವಾಪಸ್ ಹೋಗಲಿಲ್ಲ. ವಾಷಿಂಗ್ಟನ್‌ನಲ್ಲೇ ಉಳಿದು ಸೇನಾ ಆಸ್ಪತ್ರೆಗಳಲ್ಲಿ ಗಾಯಾಳುಗಳ ಪಕ್ಕ ಕೂತ. ಕಿತ್ತಳೆ, ತಂಬಾಕು, ಕಾಗದ, ಅಂಚೆಚೀಟಿ ಹಂಚಿದ. ಬರೆಯಲಾಗದವರ ಪರವಾಗಿ ಅವರ ಮನೆಗೆ ಪತ್ರ ಬರೆದ. ಆ ಕಾಲದ ಅವನ ಪತ್ರಗಳು ಆರ್ಕೈವ್‌ನಲ್ಲಿ ಓದಲು ಸಿಗುತ್ತವೆ. ಸೈನಿಕರು ಅವನಿಗೆ ಬರೆದ ಪತ್ರಗಳೂ ಇವೆ. ಕಾಗುಣಿತ ಸರಿಯಿಲ್ಲದ, ಅಲ್ಪವಿರಾಮವೇ ಇಲ್ಲದ ಪತ್ರಗಳು. ಇವನ್ನು ಓದಿದ ಮೇಲೆ ‘ಸೈನಿಕನ ಪತ್ರ’ ಬರೆಯಿರಿ ಅಂದರೆ ಮಕ್ಕಳು ಸಿನಿಮಾ ಡೈಲಾಗ್ ಬರೆಯುವುದಿಲ್ಲ. ಸಣ್ಣ ಸಂಗತಿಗಳನ್ನು ಬರೆಯುತ್ತಾರೆ. ಹಸು ಮಾರಿದಿರಾ, ಕಾಲಿನ ಗಾಯ ವಾಸನೆ ಬರುತ್ತಿದೆ, ಅಮ್ಮನಿಗೆ ಹೇಳಬೇಡ.

ಇಲ್ಲಿಗೆ ಹೊಂದುವ ಇನ್ನೊಂದು ಉಚಿತ ಸೇವೆ ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಬೈ ದ ಪೀಪಲ್’. 2018ರಲ್ಲಿ ಶುರುವಾದದ್ದು. ಹಳೆಯ ಕೈಬರಹದ ಪುಟಗಳ ಚಿತ್ರ ಕೊಡುತ್ತಾರೆ, ನೀವು ಓದಿ ಟೈಪ್ ಮಾಡಬೇಕು. ಖಾತೆ ಇಲ್ಲದೆಯೂ ಟೈಪ್ ಮಾಡಬಹುದು. ಇನ್ನೊಬ್ಬರು ಬರೆದದ್ದನ್ನು ಪರಿಶೀಲಿಸಲು ಮಾತ್ರ ಖಾತೆ ಬೇಕು. ವಿಟ್‌ಮನ್‌ನ ಕಾಗದಪತ್ರಗಳೂ ಒಂದು ಸರಣಿಯಾಗಿ ಇಲ್ಲಿ ಬಂದಿದ್ದವು. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ರೋಸಾ ಪಾರ್ಕ್ಸ್, ಮೇರಿ ಚರ್ಚ್ ಟೆರೆಲ್ ಅವರ ಕಾಗದಗಳೂ ಬಂದಿವೆ. ಒಂದು ಪುಟ ಬಿಡಿಸಿ ಓದಲು ಮಕ್ಕಳಿಗೆ ಒಂದು ಪೀರಿಯಡ್ ಬೇಕಾಗುತ್ತದೆ. ಒಂದು ಪುಟಕ್ಕೆ ಇಷ್ಟು ಹೊತ್ತು ಕಣ್ಣಿಟ್ಟು ಕೂರುವುದು ಈ ಕಾಲದಲ್ಲಿ ಸಣ್ಣ ಮಾತಲ್ಲ. ನನ್ನ ಪ್ರಕಾರ ಪ್ರಾಜೆಕ್ಟಿನ ಮೊದಲ ವಾರಕ್ಕೆ ಇದಕ್ಕಿಂತ ಒಳ್ಳೆಯ ವಾರ್ಮ್ ಅಪ್ ಇಲ್ಲ. ಅವರು ಮಾಡಿದ ಕೆಲಸ ಮುಂದೆ ಬೇರೆಯವರ ಹುಡುಕಾಟಕ್ಕೆ ಸಿಗುತ್ತದೆ ಅನ್ನುವುದು ಬೋನಸ್.

‘ಇದರಲ್ಲೆಲ್ಲ ಹೊಸದು ಏನು ಸಿಗುತ್ತೆ ಮಿಸ್, ದೊಡ್ಡವರು ಎಲ್ಲ ನೋಡಿ ಮುಗಿಸಿರುತ್ತಾರೆ’ ಅನ್ನುವ ಮಗು ಪ್ರತಿ ವರ್ಷ ಒಂದಾದರೂ ಇರುತ್ತದೆ. ಅದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರ ಇದೆ, ಝಕಾರಿ ಟರ್ಪಿನ್. ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ವಿದ್ಯಾರ್ಥಿಯಾಗಿದ್ದರು. ವಿಟ್‌ಮನ್‌ನ ಒಂದು ನೋಟ್‌ಬುಕ್ಕಿನಲ್ಲಿ ಕಥೆಯೊಂದರ ಟಿಪ್ಪಣಿ, ಕೆಲವು ಪಾತ್ರಗಳ ಹೆಸರು ಇದ್ದವು. ಟರ್ಪಿನ್ ಆ ಹೆಸರುಗಳನ್ನು ಡಿಜಿಟಲ್ ಆದ ಹಳೆಯ ಪತ್ರಿಕೆಗಳಲ್ಲಿ ಹುಡುಕುತ್ತಾ ಹೋದರು. 1852ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಸಣ್ಣ ಜಾಹೀರಾತು ಸಿಕ್ಕಿತು. ಜ್ಯಾಕ್ ಎಂಗಲ್ ಎಂಬುವನ ಕಥೆ ಇನ್ನೊಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರಲಿದೆ ಅಂತ. ಬರೆದವರ ಹೆಸರಿಲ್ಲ. ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಆ ಪತ್ರಿಕೆಯ ಪುಟದ ಪ್ರತಿ ತರಿಸಿ ನೋಡಿದರೆ ನೋಟ್‌ಬುಕ್ಕಿನ ಹೆಸರುಗಳೇ ಅಲ್ಲಿ! ಯಾರಿಗೂ ಗೊತ್ತಿಲ್ಲದೆ 165 ವರ್ಷ ಬಿದ್ದಿದ್ದ ವಿಟ್‌ಮನ್ ಕಾದಂಬರಿ 2017ರಲ್ಲಿ ಮತ್ತೆ ಪ್ರಕಟವಾಯಿತು. ಒಬ್ಬ ವಿದ್ಯಾರ್ಥಿ, ಒಂದು ಕಂಪ್ಯೂಟರ್, ಮತ್ತು ಹಟ. ಈ ಕಥೆ ಹೇಳಿದ ಮೇಲೆ ಹುಡುಕಾಟದ ಪೀರಿಯಡ್‌ನಲ್ಲಿ ಫೋನ್ ಮುಟ್ಟುವವರು ಕಡಿಮೆ ಆಗುತ್ತಾರೆ.

ಈಗ ಹೋಲಿಕೆಗೆ ಎಮಿಲಿ ಡಿಕಿನ್ಸನ್ ಆರ್ಕೈವ್. 2013ರಲ್ಲಿ ತೆರೆದದ್ದು, ಇದೂ ಉಚಿತ. ಹಾರ್ವರ್ಡ್, ಆಮ್‌ಹರ್ಸ್ಟ್ ಕಾಲೇಜು ಮತ್ತಿತರ ಕಡೆ ಚದುರಿರುವ ಅವರ ಕವಿತೆಗಳ ಹಸ್ತಪ್ರತಿಗಳನ್ನು ಒಂದೇ ಕಡೆ ನೋಡಬಹುದು. ಡಿಕಿನ್ಸನ್ ಸುಮಾರು 1,800 ಕವಿತೆ ಬರೆದು, ಬದುಕಿದ್ದಾಗ ಹತ್ತರಷ್ಟು ಮಾತ್ರ ಅಚ್ಚಾಗಿ, 1886ರಲ್ಲಿ ತೀರಿಕೊಂಡವರು. ಕಾಗದ ಮಡಿಸಿ ದಾರದಲ್ಲಿ ಹೊಲಿದ 40 ಪುಟ್ಟ ಕಟ್ಟುಗಳು ಅವರ ಕೋಣೆಯಲ್ಲಿ ಸಿಕ್ಕವು. 1890ರಲ್ಲಿ ಮೊದಲ ಪುಸ್ತಕ ಬಂದಾಗ ಸಂಪಾದಕರಾದ ಮೇಬಲ್ ಲೂಮಿಸ್ ಟಾಡ್ ಮತ್ತು ಥಾಮಸ್ ವೆಂಟ್‌ವರ್ತ್ ಹಿಗಿನ್‌ಸನ್ ಕೈಚಳಕ ತೋರಿಸಿದರು. ಉದ್ದ ಗೀಟುಗಳನ್ನು ಅಳಿಸಿದರು, ಪ್ರಾಸ ನೇರ ಮಾಡಿದರು, ತಲೆಬರಹ ಕೊಟ್ಟರು. ಸಾವು ಗಾಡಿ ನಿಲ್ಲಿಸಿ ಹತ್ತಿಸಿಕೊಂಡು ಹೋಗುವ ಆ ಪ್ರಸಿದ್ಧ ಕವಿತೆಗೆ ‘ದ ಚಾರಿಯಟ್’ ಎಂದು ಹೆಸರಿಟ್ಟು, ಒಂದು ಇಡೀ ಪದ್ಯವನ್ನೇ ಬಿಟ್ಟರು. ನಾವು ಸೂರ್ಯನನ್ನು ದಾಟಲಿಲ್ಲ, ಅವನೇ ನಮ್ಮನ್ನು ದಾಟಿದ ಎಂದು ಕವಿತೆ ತನ್ನನ್ನು ತಾನೇ ತಿದ್ದಿಕೊಂಡು, ಇದ್ದಕ್ಕಿದ್ದಂತೆ ಮೈ ನಡುಗುವ ಪದ್ಯ ಅದು. ಅದಿಲ್ಲದಿದ್ದರೆ ಹಿತವಾದ ಸವಾರಿ. ಇದ್ದರೆ ಚಳಿ. ಎರಡೂ ಓದಿಸಿದರೆ ಸಾಕು, ನಾನು ಮಾತಾಡುವ ಅಗತ್ಯವೇ ಇರುವುದಿಲ್ಲ.

ಸೃಜನಶೀಲ ಕೆಲಸಕ್ಕೆ ಡಿಕಿನ್ಸನ್ ಇನ್ನೂ ಸುಲಭ. ಅವರು ಎಷ್ಟೋ ಕಡೆ ಒಂದು ಪದದ ಪಕ್ಕ ಪುಟ್ಟ ಕೂಡಿಸುವ ಗುರುತು ಹಾಕಿ, ಪುಟದ ಕೆಳಗೆ ಬೇರೆ ಪದಗಳನ್ನು ಬರೆದಿಟ್ಟಿದ್ದಾರೆ. ಯಾವುದು ಕೊನೆಯದು ಅಂತ ತೀರ್ಮಾನ ಮಾಡಿಲ್ಲ. ನನ್ನ ವಿದ್ಯಾರ್ಥಿಗಳು ಕಾಗದ ಮಡಿಸಿ, ಸೂಜಿ ದಾರದಲ್ಲಿ ಹೊಲಿದು, ತಮ್ಮ ಕವಿತೆಗಳನ್ನು ಇದೇ ರೀತಿ ಬರೆಯುತ್ತಾರೆ. ಸೂಜಿಗೆ ದಾರ ಪೋಣಿಸುವುದರಲ್ಲೇ ಕೆಲವರಿಗೆ ಬೆವರು. ಕೊನೆಗೆ ಪಕ್ಕದವರ ಕಟ್ಟನ್ನು ತೆಗೆದುಕೊಂಡು ಟಾಡ್ ಮತ್ತು ಹಿಗಿನ್‌ಸನ್ ಹಾಗೆ ‘ಸಂಪಾದನೆ’ ಮಾಡಬೇಕು. ಆಗ ಜಗಳ ಶುರು. ‘ನನ್ನ ಗೀಟು ಯಾಕೆ ತೆಗೆದೆ?’ ಆ ಜಗಳವನ್ನೇ ಬರೆದು ತನ್ನಿ ಅನ್ನುತ್ತೇನೆ. ಪೇಪರ್ ಸಿದ್ಧ.

ಎರಡರಲ್ಲಿ ಯಾವುದು ಮೇಲು ಅಂದರೆ, ಶುರು ಮಾಡುವವರಿಗೆ ವಿಟ್‌ಮನ್. ಅಚ್ಚಾದ ಪುಟಗಳು, ಓದಲು ಸಲೀಸು. ಡಿಕಿನ್ಸನ್ ಕೈಬರಹ ಸುಂದರ, ಆದರೆ ಅಕ್ಷರ ಗುರುತಿಸುವುದೇ ಒಂದು ವಿದ್ಯೆ. ಈಗಿನ ಮಕ್ಕಳಿಗೆ ಅಕ್ಷರ ಕೂಡಿಸಿ ಬರೆಯುವ ಕರ್ಸಿವ್ ಇಂಗ್ಲಿಷ್ ಅಭ್ಯಾಸ ಇಲ್ಲ. ಒಂದೇ ಕವಿತೆಯ ಹಸ್ತಪ್ರತಿಯನ್ನೂ ಬೇರೆ ಬೇರೆ ಮುದ್ರಿತ ರೂಪಗಳನ್ನೂ ಒಟ್ಟಿಗೆ ತೋರಿಸುವುದರಲ್ಲಿ ಮಾತ್ರ ಡಿಕಿನ್ಸನ್ ಆರ್ಕೈವ್ ಮುಂದೆ. ಇನ್ನೊಂದು ಎಚ್ಚರಿಕೆ. 1890ರ ದಶಕದ ಆವೃತ್ತಿಗಳು ಎಲ್ಲರ ಸ್ವತ್ತು, ಆದರೆ 1955 ಮತ್ತು 1998ರ ವಿದ್ವತ್ ಆವೃತ್ತಿಗಳ ಪಠ್ಯದ ಹಕ್ಕು ಹಾರ್ವರ್ಡ್‌ನದು. ಕ್ಲಾಸಿನ ಪೇಪರಿನಲ್ಲಿ ಉದ್ಧರಿಸಲು ತೊಂದರೆಯಿಲ್ಲ. ಪುಸ್ತಕ ಮಾಡಿ ಮಾರುತ್ತೇನೆ ಅಂದರೆ ಯೋಚಿಸಬೇಕು.

ಹಕ್ಕಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. 1978ಕ್ಕೆ ಮೊದಲು ಅಮೆರಿಕದಲ್ಲಿ ಪ್ರಕಟವಾದ ಪುಸ್ತಕಗಳಿಗೆ ಗರಿಷ್ಠ 95 ವರ್ಷ ಹಕ್ಕು ಇರುತ್ತದೆ. ‘ದ ಗ್ರೇಟ್ ಗ್ಯಾಟ್ಸ್‌ಬಿ’ 1925ರದು, 2021ರ ಜನವರಿ 1ರಂದು ಎಲ್ಲರದಾಯಿತು. ಹಾಗಾಗಿ ಅದರ ನಾಯಕಿ ಡೇಸಿಯ ಕಡೆಯಿಂದ ಅದೇ ಕಥೆ ಬರೆದು ಬೇಕಾದಲ್ಲಿ ಹಾಕಿಕೊಳ್ಳಬಹುದು. ಆದರೆ ಇದೇ ನಿಯಮ ಇಂಥ ಆರ್ಕೈವ್‌ಗಳ ದೊಡ್ಡ ಮಿತಿಯೂ ಹೌದು. ಹಕ್ಕು ಮುಗಿದವರು ಮಾತ್ರ ಇಷ್ಟು ಧಾರಾಳವಾಗಿ ಸಿಗುತ್ತಾರೆ. ಹಕ್ಕು ಇನ್ನೂ ಮುಗಿಯದ ಕಪ್ಪು ಲೇಖಕಿ ಟೋನಿ ಮಾರಿಸನ್ ಸಿಗುವುದಿಲ್ಲ. ಬರೀ ಆರ್ಕೈವ್ ನೆಚ್ಚಿಕೊಂಡರೆ ಅಮೆರಿಕನ್ ಸಾಹಿತ್ಯ ಅಂದರೆ ಈಶಾನ್ಯ ರಾಜ್ಯಗಳ ಹತ್ತೊಂಬತ್ತನೇ ಶತಮಾನದ ಬಿಳಿಯರು ಅನ್ನಿಸಿಬಿಡುತ್ತದೆ. ನನ್ನ ಕ್ಲಾಸಿನ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬಿಳಿಯರಲ್ಲ. ಅವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ.

ಅದಕ್ಕೆ ನಾನು ಪಕ್ಕದಲ್ಲಿ ಇಟ್ಟುಕೊಳ್ಳುವುದು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ‘ಡಾಕ್ಯುಮೆಂಟಿಂಗ್ ದ ಅಮೆರಿಕನ್ ಸೌತ್’. ಗುಲಾಮಗಿರಿಯಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಬರೆದ ಆತ್ಮಕಥೆಗಳ ದೊಡ್ಡ ಸಂಗ್ರಹ ಅಲ್ಲಿದೆ. ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ಬರೆದದ್ದೂ, ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ಲಿಂಡಾ ಬ್ರೆಂಟ್ ಎಂಬ ಸುಳ್ಳು ಹೆಸರಿನಲ್ಲಿ ಹೇಳಿದ ಕಥೆಯೂ ಸಿಗುತ್ತದೆ. ಜೇಕಬ್ಸ್ ಅಜ್ಜಿಯ ಮನೆಯ ಅಟ್ಟದಲ್ಲಿ, ನೆಟ್ಟಗೆ ನಿಲ್ಲಲೂ ಆಗದ ಜಾಗದಲ್ಲಿ, ಸುಮಾರು ಏಳು ವರ್ಷ ಅಡಗಿದ್ದವರು. ಬಹಳ ಕಾಲ ವಿದ್ವಾಂಸರು ಆ ಪುಸ್ತಕವನ್ನು ಬಿಳಿ ಸಂಪಾದಕಿಯೊಬ್ಬರ ಕಟ್ಟುಕಥೆ ಅಂದುಕೊಂಡಿದ್ದರು. ಜೀನ್ ಫೇಗನ್ ಯೆಲಿನ್ ಪತ್ರಗಳನ್ನು ಹುಡುಕಿ ತೆಗೆದು, 1980ರ ದಶಕದಲ್ಲಿ ಅದು ಜೇಕಬ್ಸ್ ಅವರದೇ ಎಂದು ತೋರಿಸಿಕೊಟ್ಟರು. ವಿಟ್‌ಮನ್ ಹೆಸರು ಮುಚ್ಚಿಟ್ಟದ್ದು ಆಟ, ಜೇಕಬ್ಸ್ ಮುಚ್ಚಿಟ್ಟದ್ದು ಪ್ರಾಣಭಯ ಮತ್ತು ಮಾನಭಯ. ಈ ಎರಡು ಶೀರ್ಷಿಕೆ ಪುಟಗಳನ್ನು ಪಕ್ಕಪಕ್ಕ ಇಟ್ಟು ಒಬ್ಬ ಹುಡುಗಿ ಬರೆದ ಪೇಪರನ್ನು ಈಗಲೂ ಹೊಸ ಕ್ಲಾಸಿಗೆ ಮಾದರಿಯಾಗಿ ಕೊಡುತ್ತೇನೆ.

ಬಳಸುವವರಿಗೆ ಕೆಲವು ಮಾತು. ವಿಟ್‌ಮನ್ ಆರ್ಕೈವ್ ವಿದ್ವಾಂಸರಿಗಾಗಿ ಕಟ್ಟಿದ್ದು, ಅದನ್ನು ಮರೆಯಬೇಡಿ. ಪಾಠಯೋಜನೆಯ ಹಾಗೆ ದಾರಿ ತೋರಿಸುವ ಬಾಣಗಳು ಇಲ್ಲಿ ಇರುವುದಿಲ್ಲ. ಸಾವಿರಾರು ಪುಟ. ಮೊದಲ ದಿನವೇ ಮಕ್ಕಳನ್ನು ಹುಡುಕುವ ಪೆಟ್ಟಿಗೆಯ ಮುಂದೆ ಬಿಟ್ಟರೆ ‘ಲವ್’, ‘ಡೆತ್’ ಅಂತ ಹೊಡೆದು ಕೈಚೆಲ್ಲುತ್ತಾರೆ. ಒಂದು ಕವಿತೆ, ಎರಡು ಆವೃತ್ತಿ, ಅಷ್ಟೇ ಕೊಡಿ. ಫೋನಿನಲ್ಲಿ ಬೇಡ, ಎರಡು ಪುಟ ಪಕ್ಕಪಕ್ಕ ತೆರೆಯಲು ಲ್ಯಾಪ್‌ಟಾಪ್ ಪರದೆ ಬೇಕು. ಯಾವ ಆವೃತ್ತಿ, ಯಾವ ಪುಟ ಅಂತ ಆಗಿಂದಾಗಲೇ ಬರೆದುಕೊಳ್ಳಲಿ. ಕೊನೆಯ ರಾತ್ರಿ ಉಲ್ಲೇಖದ ಪಟ್ಟಿ ಮಾಡುವಾಗ 1860ರದೋ 1867ರದೋ ಅಂತ ಅಳುವುದು ತಪ್ಪುತ್ತದೆ. ಫೋಟೊಗಳ ವಿಭಾಗವನ್ನು ಶುಕ್ರವಾರದ ಕೊನೆಯ ಪೀರಿಯಡ್‌ಗೆ ಉಳಿಸಿಕೊಳ್ಳಿ. ಬೆರಳ ಮೇಲೆ ಚಿಟ್ಟೆ ಕೂತಿರುವ 1877ರ ಫೋಟೊ ತೋರಿಸಿ. ಆ ಚಿಟ್ಟೆ ರಟ್ಟಿನದು, ಈಗಲೂ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. 1940ರ ದಶಕದಲ್ಲಿ ಕೆಲವು ನೋಟ್‌ಬುಕ್‌ಗಳ ಜೊತೆ ಕಾಣೆಯಾಗಿ 1995ರಲ್ಲಿ ವಾಪಸ್ ಬಂದದ್ದು. ಇದನ್ನು ಕೇಳಿದ ಮೇಲೆ ಶುಕ್ರವಾರ ಮಧ್ಯಾಹ್ನವೂ ಯಾರೂ ಗಡಿಯಾರ ನೋಡುವುದಿಲ್ಲ.

ನಕ್ಷತ್ರ ಕೊಡಲೇಬೇಕು ಅಂದರೆ ವಿಟ್‌ಮನ್‌ಗೆ ಐದರಲ್ಲಿ ನಾಲ್ಕೂವರೆ, ಡಿಕಿನ್ಸನ್‌ಗೆ ನಾಲ್ಕು. ‘ಬೈ ದ ಪೀಪಲ್’ಗೆ ಐದೂ ಕೊಡುತ್ತೇನೆ, ಅದರಲ್ಲಿ ಪೇಪರಿಗೆ ಕದಿಯಲು ಸಿದ್ಧ ಉತ್ತರ ಏನೂ ಇಲ್ಲ. ಚಂದಾ ಕಟ್ಟಿದ್ದ ಆ ಸ್ಟಡಿ ಗೈಡ್‌ನ ನವೀಕರಣದ ಕಾಗದ ಬಂದಾಗ ನಮ್ಮ ವಿಭಾಗದ ಮುಖ್ಯಸ್ಥರು ನನ್ನನ್ನು ಕೇಳಿದರು. ಬೇಡ ಅಂದೆ. ಆ ದುಡ್ಡಿನಲ್ಲಿ ದಾರ, ಸೂಜಿ, ಒಳ್ಳೆಯ ಕಾಗದ ತರಿಸಿದ್ದೇವೆ.